ಅರ್ಧ ನೆಲ ಪಾಲಿಶ್ ಕಲ್ಲನ್ನೇ ತಿಂದುಹಾಕ್ತಿದೆ, ಇನ್ನರ್ಧಕ್ಕೆ ಕಲ್ಲು ಹತ್ತೋದೇ ಇಲ್ಲ. ಯಾವ ಕಲ್ಲು ತರಲಿ?

ತಿಪಟೂರು ಚಟ್ನಿಪುಡಿ:

ಎಲ್ಲರಿಗೂ ನಮಸ್ಕಾರ. ಗಾರೆ ಕೆಲಸದ ಗಂಧಗಾಳಿ ಇಲ್ಲದವಳು ನಾನು, ತಪ್ಪು ಬರೆದಿದ್ದರೆ ತಿದ್ದಿ.

ತಿಪಟೂರಿನ ಹೊರಗೆ ನಮ್ಮ ತೆಂಗಿನ ತೋಟದ ಅಂಚಲ್ಲಿ 22 ಅಡಿಗೆ 28 ಅಡಿಯ ಒಂದು ಶೆಡ್ ಕಟ್ಟಿಸಿದ್ದೀವಿ. ನಾನು, ನನ್ನ ಓರಗಿತ್ತಿ, ಊರಿನ ಇನ್ನಿಬ್ಬರು ಸೇರಿ ಅದರಲ್ಲಿ ಚಟ್ನಿಪುಡಿ, ಸಾರಿನಪುಡಿ, ಹುರಿಹಿಟ್ಟು ಮಾಡಿ ಪ್ಯಾಕ್ ಮಾಡ್ತೀವಿ. ನೆಲ ಬರೀ ಕಾಂಕ್ರೀಟು. ಗುಡಿಸಿದಷ್ಟೂ ದೂಳು ಏಳುತ್ತೆ. ಬೆಳಿಗ್ಗೆ ಒರೆಸಿಟ್ಟ ಡಬ್ಬಿ ಮುಚ್ಚಳದ ಮೇಲೆ ಮಧ್ಯಾಹ್ನಕ್ಕೆ ಬೂದಿ ಬಣ್ಣದ ಪುಡಿ ಕೂತಿರುತ್ತೆ. ತಿನ್ನೋ ಪದಾರ್ಥ ನೋಡಿ, ಹೊಟ್ಟೆಗೆ ಸಂಕಟ ಆಗುತ್ತೆ.

ನೆಲ ಎರಡು ಕಂತಲ್ಲಿ ಹಾಕಿದ್ದು. ಒಳಗಡೆ ಅರ್ಧ ಹೋದ ವರ್ಷ ಮೇ ತಿಂಗಳಲ್ಲಿ, ಮಿಲ್ಲರ್ (ಕಾಂಕ್ರೀಟ್ ಕಲಸೋ ಮಿಷನ್ನು) ತಂದು. ಆಗಿನ್ನೂ ಮೇಲೆ ಶೀಟು ಹೊದಿಸಿರಲಿಲ್ಲ, ಹಾಕಿದ ಸಂಜೆಯೇ ಜಡಿಮಳೆ. ಮೇಸ್ತ್ರಿ ನಿಂತ ನೀರಿನ ಮೇಲೇ ಒಣ ಸಿಮೆಂಟ್ ಉದುರಿಸಿ ಕರಣೆ ಎಳೆದುಬಿಟ್ಟ. ಬಾಗಿಲ ಕಡೆ ಅರ್ಧ ಶೀಟು ಬಂದ ಮೇಲೆ, ರೆಡಿಮಿಕ್ಸ್ ಲಾರಿ ತರಿಸಿ ಹಾಕಿದ್ದು, ಎಂ 25 (ಕಾಂಕ್ರೀಟಿನ ಗಟ್ಟಿತನದ ದರ್ಜೆಯಂತೆ).

ಉಜ್ಜಿಸಿದರೆ ದೂಳು ನಿಲ್ಲುತ್ತೆ ಅಂದರು ಅಂತ ಮೊಸಾಯಿಕ್ ಪಾಲಿಶ್ ಮಾಡೋ ಮಿಷನ್ನು, ನಡೆಸೋ ಹುಡುಗನ ಸಮೇತ ಬಾಡಿಗೆಗೆ ತಂದೆ. ಕಪ್ಪು ಕಲ್ಲು, 60 ನಂಬರಿಂದು. ಒಳಗಡೆ ಅರ್ಧದಲ್ಲಿ ಶುರು ಮಾಡಿದ ಹುಡುಗ ಊಟದ ಹೊತ್ತಿಗೆ ಆರು ಕಲ್ಲನ್ನೂ ಬೆರಳು ದಪ್ಪಕ್ಕೆ ಸವೆಸಿಟ್ಟಿದ್ದ. ಹೊಸ ಆರು ಕಲ್ಲು ಹಾಕಿ ಬಾಗಿಲ ಕಡೆ ಹೋದ. ಅಲ್ಲಿ ಒಂದು ಗಂಟೆ ತಿರುಗಿಸಿದರೂ ಕಲ್ಲು ಕನ್ನಡಿ ಥರ ಹೊಳೀತಿದೆ, ನೆಲ ಇದ್ದಂಗೇ ಇದೆ. ಹುಡುಗ ಕಲ್ಲು ಡೂಪ್ಲಿಕೇಟು ಅಂತಾನೆ. ಅಂಗಡಿಯವರು ಮಿಷನ್ ಸರಿ ಇಲ್ಲ ಅಂತಾರೆ. ಬಾಡಿಗೆ ಮೀಟರ್ ಓಡ್ತಾ ಇದೆ. ಯಾರ ಮಾತು ನಂಬಲಿ?

ಹೊಸಬ_ಬೆಂಗಳೂರು:

ಇಷ್ಟೆಲ್ಲ ಯಾಕೆ ಮೇಡಂ, ಟೈಲ್ಸ್ ಹಾಕ್ಸಿ ಮುಗಿಸಿ. ಇಲ್ಲ ಎಪಾಕ್ಸಿ ಬಳಿಸಿ.

ಹಳೇ ಗೌಂಡಿ, ಹುಬ್ಬಳ್ಳಿ:

ಅಕ್ಕಾರ, ಮೊದಲ ಹೇಳಿಬಿಡ್ತೇನಿ. ಕಲ್ಲು ಡೂಪ್ಲಿಕೇಟ್ ಅಲ್ಲ, ಮಶೀನಿಂದೂ ತಪ್ಪಿಲ್ಲ. ನಿಮ್ಮ ಶೆಡ್ಡಿನ್ಯಾಗ ಎರಡ ನೆಲ ಅದಾವ. ಎರಡಕ್ಕೂ ಒಂದ ನಮೂನಿ ಕಲ್ಲು ಹಚ್ಚೀರಿ.

ನಾ 1986ರಿಂದ ಮೊಸಾಯಿಕ್ ತಿಕ್ಕಿದಂವ. ಮೊದಲ ಮೊಣಕಾಲ ಊರಿ ಕೈಗಲ್ಲಲೇ ತಿಕ್ಕತಿದ್ವಿ, ಆಮ್ಯಾಲೆ ಮಶೀನ್ ಬಂತು. ಈಗ ಮೊಣಕಾಲ ಮಾತ ಕೇಳಂಗಿಲ್ಲ. ಮಗಾ ಕೆಲಸಾ ನೋಡಕೋತಾನ, ನಾ ಕುಂತ ಬುದ್ಧಿ ಹೇಳ್ತೇನಿ.

ನೀವು ಕಲ್ಲು ಅಂತೀರಲ್ಲ, ಅದು ಗುಡ್ಡದಾಗ ಕಡದ ಕಲ್ಲಲ್ರಿ. ಒಳಗ ಕಪ್ಪ ಹರಳ ಇರ್ತಾವ, ಸಿಲಿಕಾನ್ ಕಾರ್ಬೈಡ್. ನಾವು ಕಾರ್ಬೊರಂಡಮ್ ಅಂತೇವಿ. ಆ ಹರಳು ಹಿಡಕೊಂಡಿರಾಕ ಒಂದು ಅಂಟು ಇರ್ತದ. ನೀವು ಅಡಗಿ ಮಾಡಾವ್ರು, ಶೇಂಗಾ ಉಂಡಿ ನೆನಸ್ಕೋರಿ. ಹರಳು ಅಂದ್ರ ಶೇಂಗಾ, ಅಂಟು ಅಂದ್ರ ಬೆಲ್ಲದ ಪಾಕ. ಪಾಕ ಎಳೀದಿದ್ರ ಮುಟ್ಟಿದ ಕೂಡಲೇ ಉದರ್ತದ. ಪಾಕ ಮುರದು ಗಟ್ಟಿ ಆತಂದ್ರ ಹಲ್ಲಿಗೆ ಬರೇ ಬೆಲ್ಲ ಹತ್ತತದ, ಶೇಂಗಾ ಸಿಗಂಗೇ ಇಲ್ಲ. ಅಂಗಡ್ಯಾಗ ಹೋಗಿ ಎಲ್ಲಾರೂ ಶೇಂಗಾ ಎಷ್ಟ ದಪ್ಪ ಅಂತ ಕೇಳ್ತಾರ, ನಿಮ್ಮ 60 ನಂಬರ್ ಅಂದ್ರ ಅಷ್ಟ, ನಂಬರ್ ಏರಿದಂಗ ಹರಳ ಸಣ್ಣ. ಪಾಕ ಹೆಂಗದ ಅಂತ ಯಾರೂ ಕೇಳಂಗಿಲ್ಲ.

ಕಲ್ಲು ಸವೀಬೇಕ್ರಿ. ಮ್ಯಾಲಿನ ಹರಳ ಮೊಂಡ ಆತು, ಅದು ಉದರಬೇಕು, ಅದರ ಕೆಳಗಿನ ಹೊಸಾ ಹರಳು ಹಲ್ಲು ತೋರಸಬೇಕು. ನಿಮ್ಮ ಬಾಗಿಲ ಕಡೆ ಏನಾಗೇದ ಅಂದ್ರ, ಹರಳು ಮೊಂಡ ಆಗ್ಯಾವ, ಉದರವಲ್ಲವು. ಅದಕ್ಕ ಕನ್ನಡಿಗತೆ ಹೊಳೀತದ. ಒಳಗಿನ ಅರ್ಧದಾಗ ಉಲ್ಟಾ. ನೆಲ ಮೆತ್ತಗ, ಅದರಾಗಿನ ಮರಳು ಕಿತ್ತು ಕಿತ್ತು ಬಂದು ರಾಡ್ಯಾಗ ಕೂಡತದ, ಆ ಮರಳ ನಿಮ್ಮ ಕಲ್ಲಿನ ಅಂಟ ತಿಂದು ಹಾಕತದ. ಮೊಂಡ ಆಗೂಕ್ಕಿಂತ ಮೊದಲ ಹರಳ ಉದರಿ ಹೊಂಟಾವ, ರೊಕ್ಕ ರಾಡ್ಯಾಗ.

ಇನ್ನೊಂದು. ನಿಮಗ ಕೊಟ್ಟದ್ದು ಮೊಸಾಯಿಕ್ ಕಲ್ಲು. ಮೊಸಾಯಿಕ್‌ದಾಗ ಇರೂದು ಮಾರ್ಬಲ್ ಚಿಪ್ಸ್, ಚಾಕುಲೇ ಗೀರಿದ್ರ ಗೀರ ಬೀಳ್ತದ. ನಿಮ್ಮ ರೆಡಿಮಿಕ್ಸ್‌ದಾಗ ಇರೂದು ಗ್ರಾನೈಟ್ ಖಡಿ (ನೀವು ಜಲ್ಲಿ ಅಂತೀರಿ). ಅದರಾಗ ಬೆಣಚುಕಲ್ಲಿನ ಹರಳ ಇರ್ತಾವ, ಚಾಕು ಜಾರತದ. ಕಾರ್ಬೊರಂಡಮ್ ಅದಕ್ಕಿಂತ ಗಟ್ಟೀನ ಅದ, ಖರೆ, ಆದ್ರ ಲಗೂನ ಮೊಂಡ ಆಗತದ. ಶಾಬಾದಿ ಫರ್ಸಿ ತಿಕ್ಕೂ ಕಲ್ಲಲೇ ಗ್ರಾನೈಟ್ ತಿಕ್ಕಾಕ ಹ್ವಾದಂಗ ಆತಿದು.

ಈಗ ಏನ ಮಾಡಬೇಕು? ಮೊದಲ ಒಂದು ಕಬ್ಬಿಣದ ಮೊಳಿ ತಗೊಂಡು ಎರಡೆರಡ ಅಡಿಗೆ ನೆಲಾ ಗೀರಿ ನೋಡ್ರಿ. ಗೆರಿ ಆಳಕ್ಕ ಇಳದು ಪುಡಿ ಬಂದ್ರ ಮೆತ್ತನ ನೆಲ. ನೆಲದ ಮ್ಯಾಲೆ ಮೊಳೀನ ಸವದು ಬೆಳ್ಳಿ ಗೆರಿ ಬಿದ್ರ ಗಟ್ಟಿ ನೆಲ. ಸೀಮಸುಣ್ಣದಾಗ ಗುರುತು ಹಾಕ್ರಿ. ಕಾಂಕ್ರೀಟಿನ ಜಾಯಿಂಟ್ ಇದ್ದಲ್ಲೇ ಮೆತ್ತನ ನೆಲ ಮುಗದು ಗಟ್ಟಿ ನೆಲ ಶುರು ಆಗತದ ಅಂತ ತಿಳೀಬ್ಯಾಡ್ರಿ.

ಮೆತ್ತನ ಅರ್ಧಕ್ಕ ಗಟ್ಟಿ ಅಂಟಿನ ಕಲ್ಲು ಕೇಳಿ ತರ್ರಿ. ನೀರು ಧಾರಾಳ ಹಾಕ್ರಿ, ರಾಡಿ ನಿಲ್ಲಗೊಡಬ್ಯಾಡ್ರಿ, ವೈಪರ್‌ಲೆ ಎಳಕೋತ ಇರ್ರಿ. ರಾಡಿ ಹೋದ್ರ ಕಲ್ಲು ಉಳೀತಾವ. ಗಟ್ಟಿ ಅರ್ಧಕ್ಕ ಇದರ ಉಲ್ಟಾ. ನೀರು ಕಮ್ಮಿ, ರಾಡಿ ಅಲ್ಲೇ ಇರ್ಲಿ, ಬೇಕಂದ್ರ ಎರಡ ಮುಷ್ಟಿ ಖರಡು ಮರಳ ಚೆಲ್ರಿ. ಈಗ ಹೊಳಿಯಾಕ ಹತ್ತಿದ ಆರ ಕಲ್ಲು ಒಗೀಬ್ಯಾಡ್ರಿ ಮತ್ತ. ಅವನ್ನ ನಿಮ್ಮ ಮೆತ್ತನ ಅರ್ಧದ ಮ್ಯಾಲೆ ಎರಡ ನಿಮಿಷ ತಿರಗಿಸ್ರಿ, ಬಾಯಿ ತೆರೀತಾವ. ಸಾಣಿಕಲ್ಲು ಹುಡಕ್ಕೊಂಡು ಹೋಗೂದ ಬ್ಯಾಡ, ಮನ್ಯಾಗ ಅದ.

ಆರೂ ಕಲ್ಲಿನ ಎತ್ತರ ಒಂದ ಇರ್ಲಿ. ಧಾರವಾಡದಾಗ ಒಂದ ಮನಿ, ನಡುಮನಿ ಮೊಸಾಯಿಕ್. ಒಂದ ಕಲ್ಲ ಒಡೀತು ಅಂತ ಐದು ಹಳೇವು, ಒಂದು ಹೊಸಾದು ಹಾಕಿ ತಿಕ್ಕಿದೆ. ಹೊಸಾ ಕಲ್ಲ ಒಂದ ನೆಲಾ ಮುಟ್ಟತಿತ್ತು, ಉಳದವು ಸುಮ್ನ ಗಾಳ್ಯಾಗ. 120 ನಂಬರ್ ತನಕಾ ಏನೂ ಕಾಣಲಿಲ್ಲ. 320 ಹಚ್ಚಿ ತೊಳದ ಮ್ಯಾಲೆ ನೋಡಿದ್ರ ನಡುಮನಿ ತುಂಬ ಚಕ್ಕಲಿ ಒತ್ತಿದಂಗ ಗೆರಿ! ಮನಿ ಹಿರೇರು ಒಂದ ಮಾತ ಬೈಲಿಲ್ಲ, ಚಾ ಕುಡಿಸಿ, ಮತ್ತ ಮೊದಲಿಂದ ಮಾಡಪಾ ಅಂದ್ರು. ನನ್ನ ಕಲ್ಲು, ನನ್ನ ಪಗಾರ, ನಾಕ ದಿನ.

ಅದಕ್ಕ, ಒಂದ ನಂಬರ್ ಮುಗದ ಕೂಡಲೇ ಇನ್ನೊಂದ ಹಚ್ಚಬ್ಯಾಡ್ರಿ. ಸ್ವಚ್ಛ ತೊಳೀರಿ, ಒಣಗಾಕ ಬಿಡ್ರಿ, ಬ್ಯಾಟರಿ ನೆಲಕ್ಕ ಅಡ್ಡ ಹಿಡದು ನೋಡ್ರಿ. ಹಿಂದಿನ ಗೆರಿ ಇದ್ರ ಅಲ್ಲೇ ತಿಕ್ಕ್ರಿ. 60 ಆದ ಮ್ಯಾಲೆ 120. ಒಂದು ಉದ್ದಕ್ಕ ತಿಕ್ಕಿದ್ರ ಮುಂದಿಂದು ಅಡ್ಡಕ್ಕ. 60 ಬಿಟ್ಟು ನೇರ 320ಕ್ಕ ಹಾರಿದ್ರ ಹೊಳಪಿನ ಕೆಳಗ ಗೆರಿ ಹಂಗ ಉಳೀತಾವ.

ಎಷ್ಟ ಆಳ ತಿಕ್ಕಬೇಕು ಅಂತ ಕೇಳ್ತೀರಿ. ಮ್ಯಾಲಿನ ಬಿಳಿ ಪುಡಿ ಪದರ ಹೋಗಿ ಮರಳಿನ ಕಾಳ ಕಂಡ್ರ ಸಾಕು. ಖಡಿ ಕಾಣೂ ತನಕಾ ಹೋಗಬ್ಯಾಡ್ರಿ, ನಿಮಗ ಚೆಂದ ಬೇಕಾಗಿಲ್ಲ, ದೂಳ ನಿಂತ್ರ ಆತು.

ಮಶೀನಿಗೆ ಅರ್ಥಿಂಗ್ ಐತೇನು ನೋಡ್ರಿ, ಲೈನಿಗೆ ಇಎಲ್‌ಸಿಬಿ (ಕರೆಂಟ್ ಸೋರಿದ್ರ ತಾನ ಲೈನ್ ಕಡಿಯೂ ಸ್ವಿಚ್) ಇರಬೇಕು. ನಿಂತ ನೀರು, ಕರೆಂಟು, ಬರಿಗಾಲು, ಮೂರೂ ಕೂಡಿದ್ದು ನಾ ಕಣ್ಣಾರೆ ನೋಡೇನಿ. ಗಮ್‌ಬೂಟ್ ಹಾಕ್ಕೊಳ್ರಿ, ಸಿಮೆಂಟಿನ ರಾಡಿ ಕಾಲ ಸುಡತದ. ಆ ರಾಡಿ ತೆಂಗಿನ ಬುಡಕ್ಕೂ ಬ್ಯಾಡ, ಗಟಾರಕ್ಕೂ ಬ್ಯಾಡ, ಹೆಪ್ಪಗಟ್ಟಿ ಕೂಡತದ. ಒಂದ ಕುಣಿ ತೋಡಿ ಹಾಕ್ರಿ.

ಬೆಂಗಳೂರಿನ ತಮ್ಮಾ, ಪುಡಿ ಏಳೂ ನೆಲದ ಮ್ಯಾಲೆ ಟೈಲ್ಸ್ ಅಂಟಸಿದ್ರ ಟೈಲ್ಸು ನೆಲಕ್ಕಲ್ಲ, ಪುಡಿಗೆ ಅಂಟ್ತಾವ. ಎಪಾಕ್ಸೀನೂ ಹಪ್ಪಳದಂಗ ಎದ್ದ ಬರತದ. ಅದಕ್ಕೂ ಮೊದಲ ತಿಕ್ಕೂದೇ ಬೇಕು.

ಕುಂದಾಪ್ರದವ, ಈಗ ಗಲ್ಫಿನಲ್ಲಿ:

ಗೌಂಡಿಗಳು ಹೇಳಿದ್ದರ ಮೇಲೆ ಹೇಳಲಿಕ್ಕೆ ಹೆಚ್ಚೇನೂ ಇಲ್ಲ. ನಾನು ಗೋಡೌನ್ ನೆಲ ಪಾಲಿಶ್ ಮಾಡುವ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಲ್ಲಿ ನಮಗೆ ಕಾರ್ಬೊರಂಡಮ್ ಕಲ್ಲು ಕಾಣಸಿಗುವುದೇ ಅಪರೂಪ, ಎಲ್ಲ ಡೈಮಂಡ್ ಸೆಗ್ಮೆಂಟು. ಲೋಹದ ಪುಡಿಯಲ್ಲಿ ವಜ್ರದ ಹುಡಿ ಸೇರಿಸಿ ಮಾಡಿದ ತುಂಡುಗಳು. ಅದಕ್ಕೂ ಇದೇ ಲೆಕ್ಕ ಮಾರಾಯ್ರೆ. ಗೌಂಡಿಗಳು ಅಂಟು ಅಂದದ್ದಕ್ಕೆ ನಾವು ಬಾಂಡ್ ಅನ್ನುತ್ತೇವೆ, ಇಲ್ಲಿ ಅದು ಆ ಲೋಹ. ಗಟ್ಟಿ ನೆಲಕ್ಕೆ ಮೆತ್ತನೆ ಬಾಂಡ್, ಮೆತ್ತನೆ ನೆಲಕ್ಕೆ ಗಟ್ಟಿ ಬಾಂಡ್.

ಇದು ತಲೆಗೆ ಹೋಗುವುದು ಸುಲಭ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಸೂಪರ್‌ವೈಸರ್ ನನಗೆ ಗಟ್ಟಿ ನೆಲ ತೋರಿಸಿ ಸ್ಟೋರಿಗೆ ಕಳಿಸಿದರು. ಗಟ್ಟಿ ನೆಲ ಅಲ್ಲವಾ, ನಾನು ಬುದ್ಧಿವಂತ, ಗಟ್ಟಿ ಬಾಂಡಿನ ಸೆಟ್ಟೇ ತಂದೆ. ಒಂದು ತಾಸು ಓಡಿಸಿದೆ. ಮಿಷನ್ನು ನೆಲದ ಮೇಲೆ ಐಸಿನ ಮೇಲೆ ಹೋದ ಹಾಗೆ ಜಾರುತ್ತಾ ಇತ್ತು, ತೆಗೆದು ನೋಡಿದರೆ ಸೆಗ್ಮೆಂಟು ಕಾದು ನೀಲಿ ತಿರುಗಿದೆ. ಎಂತ ಆಯ್ತು ಹೇಳಿ, ಲೋಹ ಸವೆಯಲೇ ಇಲ್ಲ, ವಜ್ರ ಹೊರಗೆ ಬರಲೇ ಇಲ್ಲ.

ನಿಮ್ಮ ಬಾಗಿಲ ಕಡೆಯ ಅರ್ಧಕ್ಕೆ ನನ್ನ ಸಲಹೆ ಡೈಮಂಡೇ. ಅದೇ ಬಾಡಿಗೆ ಮಿಷನ್ನಿಗೆ ಕೂರುವ ಡೈಮಂಡ್ ಪ್ಲೇಟ್ ಸಿಗುತ್ತದೆ, ಪ್ಲೇಟಿನ ಅಳತೆ ತಗೊಂಡು ಹೋಗಿ ಕೇಳಿ. 30 ಅಥವಾ 40 ನಂಬರಿನಲ್ಲಿ ಶುರು ಮಾಡಿ, ಆಮೇಲೆ 80, 150. ಗೋಡೆ ಬದಿಗೆ ಮಿಷನ್ ಮುಟ್ಟುವುದಿಲ್ಲ, ಅಲ್ಲಿಗೆ ಆ್ಯಂಗಲ್ ಗ್ರೈಂಡರಿಗೆ (ಕೈಯಲ್ಲಿ ಹಿಡಿಯುವ ಉಜ್ಜುವ ಮಿಷನ್ನು) ಡೈಮಂಡ್ ಕಪ್ ಚಕ್ರ ಹಾಕಿ. ಕಪ್ ಒಂದೇ ಕಡೆ ನಿಲ್ಲಿಸಬೇಡಿ, ಬಟ್ಟಲಿನ ಹಾಗೆ ಗುಂಡಿ ಬೀಳುತ್ತದೆ.

ಉಜ್ಜಿದ ಮೇಲೆ ಸಿಲಿಕೇಟ್ ಹಾರ್ಡ್‌ನರ್ (ನೆಲ ಗಟ್ಟಿ ಮಾಡುವ ದ್ರಾವಣ) ಹಾಕಿ, ಅದು ಮರೆಯಬೇಡಿ. ಸೋಡಿಯಂ ಉಂಟು, ಲಿಥಿಯಂ ಉಂಟು. ಕಾಂಕ್ರೀಟಿನೊಳಗೆ ಉಳಿದ ಸುಣ್ಣದ ಜೊತೆ ಸೇರಿ ಸಿಮೆಂಟಿನದ್ದೇ ಜಾತಿಯ ಅಂಟು ಆಗುತ್ತದೆ, ಸಣ್ಣ ತೂತು ಮುಚ್ಚುತ್ತದೆ. ದೂಳು ನಿಜವಾಗಿ ನಿಲ್ಲುವುದು ಆಗ. ಡಬ್ಬಿ ಮೇಲೆ ಬರೆದಷ್ಟು ಹೊತ್ತು ಒದ್ದೆ ಇಟ್ಟು, ಉಳಿದದ್ದನ್ನು ಒಣಗುವ ಮೊದಲೇ ತೊಳೆದುಬಿಡಿ. ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ, ಮತ್ತೆ ಉಜ್ಜಿಯೇ ತೆಗೆಯಬೇಕು.

ಕೊನೆಗೆ ಒಂದು. ನೀರು ಹಾಕದೆ ಒಣ ಉಜ್ಜಲೇಬೇಡಿ. ಇಲ್ಲಿ ಒಣ ಉಜ್ಜುವುದಾದರೆ ವ್ಯಾಕ್ಯೂಮ್ ಹಚ್ಚದೆ ಮಿಷನ್ ಚಾಲೂ ಮಾಡಲಿಕ್ಕೇ ಬಿಡುವುದಿಲ್ಲ. ಊರಿನಲ್ಲಿ ಹುಡುಗರು ಮೂಗಿಗೆ ಬೈರಾಸು ಕಟ್ಟಿಕೊಂಡು ಕೆಲಸ ಮಾಡುವುದು ನೋಡಿದ್ದೇನೆ. ಬೈರಾಸಿಗೆ ನಿಲ್ಲುವ ದೂಳಲ್ಲ ಅದು. ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಅದನ್ನು ವಾಸಿ ಮಾಡುವ ಮದ್ದಿಲ್ಲ. ಗೋಡೆ ಬದಿ ಗ್ರೈಂಡರ್ ಹಿಡಿಯುವಾಗ ಕೂಡಾ ಎನ್95 ಆದರೂ ಇರಲಿ.

ತಿಪಟೂರು ಚಟ್ನಿಪುಡಿ:

ಗೌಂಡಿ ಅಣ್ಣಾವ್ರೇ, ಕುಂದಾಪುರದವರೇ, ಇಬ್ಬರಿಗೂ ಕೈ ಮುಗಿದೆ. ಶೇಂಗಾ ಉಂಡೆ ಪಾಕದ ವಿಷಯ ಓದಿ ನಮ್ಮ ಓರಗಿತ್ತಿ, ಇಷ್ಟೇನಾ, ಅಂದಳು. ಎರಡು ಅನುಮಾನ. ಹುಡುಗ ಕೊನೆಗೆ ಆಕ್ಸಾಲಿಕ್ ಪುಡಿ ಹಾಕಿ ಹೊಳಪು ಬರಿಸ್ತೀನಿ ಅಂತಾನೆ, ಹಾಕಿಸಲಾ? ಎರಡನೇದು, ನಾವು ಹುಣಸೆಹಣ್ಣು ಬಿಡಿಸೋದೂ ಅದೇ ನೆಲದ ಮೇಲೆ ಕೂತು. ಏನಾದ್ರೂ ತೊಂದರೆಯಾ?

ಹಳೇ ಗೌಂಡಿ, ಹುಬ್ಬಳ್ಳಿ:

ಆಕ್ಸಾಲಿಕ್ ಬ್ಯಾಡ್ರಿ. ಅದು ಮೊಸಾಯಿಕ್, ಮಾರ್ಬಲ್ ಹೊಳಪಿಗೆ. ಹೊಟ್ಟಿಗೆ ಹೋದ್ರ ವಿಷ, ತಿನ್ನೂ ಪದಾರ್ಥದ ಜಾಗಾದಾಗ ಯಾಕ ಬೇಕು? ಹೊಳಪೂ ಬ್ಯಾಡ. ನೀರು, ಎಣ್ಣಿ ಬೀಳೂ ನೆಲ ಹೊಳದ್ರ ಜಾರತದ. 120ಕ್ಕ ನಿಲ್ಲಸ್ರಿ.

ಹುಣಸಿಹುಳಿ ಸಿಮೆಂಟ್ ತಿಂತದ. ಹಾರ್ಡ್‌ನರ್ ಹಾಕಿದ್ರೂ ಹುಳಿ ಬಿದ್ದಲ್ಲಿ ಹೊಳಪ ಹೋಗಿ ಕಲೆ ಉಳೀತದ. ನಿಂಬಿಹಣ್ಣೂ ಹಂಗ. ಅಲ್ಲೊಂದು ಗ್ರಾನೈಟ್ ಹಾಸಗಲ್ಲು ಹಾಕ್ಕೊಂಡು ಅದರ ಮ್ಯಾಲೆ ಕುಂದರ್ರಿ. ಶಾಬಾದಿ ಹಾಕಬ್ಯಾಡ್ರಿ, ಅದೂ ಸುಣ್ಣದಕಲ್ಲ, ಹುಳಿಗೆ ತಡಿಯಂಗಿಲ್ಲ.

ಮಲೆನಾಡು ಮನೆ:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ತೀರ್ಥಹಳ್ಳಿ ಹತ್ರ ನಮ್ಮ ಅಜ್ಜನ ಮನೆ ರೆಡ್ ಆಕ್ಸೈಡ್ ನೆಲ ಮಂಕಾಗಿದೆ. ಇದೇ ಮಿಷನ್ ಹೊಡೆಸಬಹುದಾ?

ಹಳೇ ಗೌಂಡಿ, ಹುಬ್ಬಳ್ಳಿ:

ಮಶೀನ್ ಬಾಗಿಲದಾಗ ಸೈತ ತರಬ್ಯಾಡ್ರಿ! ಕೆಂಪ ಇರೂದು ಮ್ಯಾಲಿನ ತೆಳು ಪದರದಾಗಷ್ಟ. 60 ನಂಬರ್ ಕಲ್ಲ ಹಚ್ಚಿದ್ರ ಕೆಳಗಿನ ಬೂದಿ ಸಿಮೆಂಟ್ ಕಾಣತದ, ಆಮ್ಯಾಲೆ ಅಜ್ಜ ಬಂದ್ರೂ ಆ ಕೆಂಪ ವಾಪಸ್ ಬರಂಗಿಲ್ಲ. ಚೊಲೊತ್ನಾಗಿ ತೊಳದು, ಒಣಗಿಸಿ, ಕೊಬ್ಬರಿ ಎಣ್ಣಿ ನಾಕ ಹನಿ ಹಾಕಿ ಅರವಿಲೇ ತಿಕ್ಕ್ರಿ. ಇಲ್ಲಾ ಮೇಣ ಹಚ್ಚ್ರಿ.

ತಿಪಟೂರು ಚಟ್ನಿಪುಡಿ:

ಹದಿನೆಂಟು ದಿನ ಆಯ್ತು, ವರದಿ ಒಪ್ಪಿಸ್ತೀನಿ.

ಮೊಳೆ ಹಿಡಿದು ಇಡೀ ಶೆಡ್ ಗೀರಿದೆ. ಗೌಂಡಿ ಅಣ್ಣಾವ್ರು ಹೇಳಿದ್ದೇ ನಿಜ, ಮೆತ್ತನೆ ಜಾಗ ಜಾಯಿಂಟಿಗೆ ನಿಂತಿರಲಿಲ್ಲ. ಒಂದು ಮೂಲೆಯಲ್ಲಿ ಜಾಯಿಂಟಿಗಿಂತ ಎರಡಡಿ ಮುಂಚೆಯೇ ನೆಲ ಗಟ್ಟಿ. ಅವತ್ತು ಅಲ್ಲಿ ಟಾರ್ಪಾಲು ಹೊದಿಸಿದ್ದು ಆಮೇಲೆ ನೆನಪಾಯ್ತು.

ತುಮಕೂರಿನ ಅಂಗಡಿಯಲ್ಲಿ, ಗಟ್ಟಿ ಅಂಟಿನ ಕಲ್ಲು ಕೊಡಿ ಅಂದರೆ ಹುಡುಗ ಮಿಕಿಮಿಕಿ ನೋಡಿದ. ಒಳಗಿಂದ ವಯಸ್ಸಾದವರೊಬ್ಬರು ಎದ್ದು ಬಂದು, ಇದನ್ನು ಕೇಳೋರು ಈಗ ಯಾರಮ್ಮ, ಅಂತ ಗೋಡಂಬಿ ಬಣ್ಣದ ಹಳೇ ಡಬ್ಬದಿಂದ ತೆಗೆದುಕೊಟ್ಟರು. ಮೆತ್ತನೆ ಅರ್ಧಕ್ಕೆ ಮೊದಲು ಒಂದು ಹೊತ್ತಿಗೇ ಆರು ಕಲ್ಲು ಹೋಗಿತ್ತು. ಈ ಸಲ ರಾಡಿ ಎಳೀತಾ ಉಜ್ಜಿದ್ದಕ್ಕೆ 60ರಲ್ಲಿ ಆರು ಕಲ್ಲಲ್ಲೇ ಆ ಅರ್ಧ ಮುಗೀತು, ಇನ್ನೂ ಎರಡು ಬೆರಳು ಉಳಿದಿತ್ತು. ಹೊಳೀತಿದ್ದ ಕಲ್ಲುಗಳ ಬಾಯಿ ತೆರೆಸೋ ಉಪಾಯನೂ ಫಲಿಸ್ತು, ಆದರೆ ಬಾಗಿಲ ಕಡೆ ಹೋದರೆ ಹತ್ತು ನಿಮಿಷಕ್ಕೆ ಮತ್ತೆ ಮೊಂಡು. ಅಲ್ಲಿಗೆ ಡೈಮಂಡ್ ಪ್ಲೇಟೇ ತಂದೆವು, ಒಂದೂವರೆ ದಿನದ ಕೆಲಸ.

ಮೂಲೆಗಳನ್ನು ನಾನು, ಓರಗಿತ್ತಿ ಕೈಗಲ್ಲಲ್ಲೇ ಉಜ್ಜಿದ್ವಿ. 1986ರ ಮೊಣಕಾಲಿನ ಕಥೆ ಅವತ್ತು ಅರ್ಥ ಆಯ್ತು ಅಣ್ಣ.

ಹಾರ್ಡ್‌ನರನ್ನ ಒಳಗಡೆ ಅರ್ಧ ಮಜ್ಜಿಗೆ ಕುಡಿದಂಗೆ ಕುಡೀತು, ಅಲ್ಲಿಗೆ ಎರಡು ಸಲ ಹಾಕಿದ್ವಿ. ಎರಡು ಅರ್ಧಗಳ ಬಣ್ಣ ಮಾತ್ರ ಒಂದಾಗಿಲ್ಲ, ನಡುವೆ ಗೆರೆ ಎದ್ದು ಕಾಣುತ್ತೆ. ಇರಲಿ. ನಿನ್ನೆ ಸಂಜೆ ಡಬ್ಬಿ ಮುಚ್ಚಳದ ಮೇಲೆ ಬೆರಳಾಡಿಸಿದೆ. ಪುಡಿ ಬಂತು, ಆದರೆ ಕೆಂಪಗಿತ್ತು. ಮೆಣಸಿನಕಾಯಿದು.

120ರ ನಾಲ್ಕು ಕಲ್ಲು ಉಳಿದಿದೆ. ಮಿಷನ್ ಹುಡುಗನಿಗೆ ಕೊಟ್ಟುಬಿಡಲಾ, ಇಟ್ಟುಕೊಳ್ಳಲಾ?

ಹಳೇ ಗೌಂಡಿ, ಹುಬ್ಬಳ್ಳಿ:

ಎರಡು ಆ ಹುಡುಗಗ ಕೊಡ್ರಿ, ಪಾಕದ ಮಾತೂ ಹೇಳ್ರಿ. ಎರಡು ಇಟ್ಕೋರಿ, ಬಾಗಿಲ ಕಡೆ ಎಲ್ಲರೆ ಕಲೆ ಬಿದ್ರ ಕೈಲೇ ತಿಕ್ಕಾಕ ಬರತದ. ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಒಣ ಜಾಗಾದಾಗ ಇಡ್ರಿ. ಮ್ಯಾಗ್ನೆಸೈಟ್ ಅಂಟಿನ ಕಲ್ಲಾದ್ರ ಥಂಡಿ ಹಿಡದು ಮಳಿಗಾಲ ಮುಗಿಯೂದ್ರಾಗ ಮೆತ್ತಗ ಆಗಿಬಿಡತದ. ನಿಮ್ಮ ಕಡೆ ಕೊಬ್ಬರಿ ಅಟ್ಟ ಇರ್ತಾವಲ್ಲ, ಅದರ ಮ್ಯಾಲೆ ಇಟ್ರ ಆತು.